ಬಸ್ ಸ್ಟ್ಯಾಂಡಿಗೆ ಹೋದ ಗುಂಡಿ

ನಮ್ಮೂರಿನಲ್ಲಿ ಗುಂಡಿ ತೋಡಿದವರು ಬೆನ್ನು ತಿರುಗಿಸುವುದಿಲ್ಲ. ಕಂಬ ಪಕ್ಕದಲ್ಲೇ ಸಿದ್ಧವಾಗಿರಬೇಕು, ತೋಡಿದ ಕೂಡಲೇ ಒಳಗೆ ಇಳಿಸಬೇಕು, ಜಲ್ಲಿ ಮಣ್ಣು ತುಂಬಿ ಕುಟ್ಟಿ ಧಮ್ಮಸ್ಸು ಮಾಡಬೇಕು. ಬೀಡಿ ಸೇದುವುದು, ಬೆವರು ಒರೆಸಿಕೊಳ್ಳುವುದು ಎಲ್ಲ ಆಮೇಲೆ. ಯಾರೂ ನೋಡದ ಖಾಲಿ ಗುಂಡಿ ಇದ್ದ ಕಡೆ ಇರುವುದಿಲ್ಲ. ಅದು ಹೋಗುವುದನ್ನು ಕಂಡವರು ಒಬ್ಬರೂ ಇಲ್ಲ, ಹೋಗಿ ಇನ್ನೆಲ್ಲೋ ಕೂತಿದ್ದನ್ನು ಕಾಣದವರೂ ಇಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಒಂದು ಹಳೆಯ ಕುಕ್ಕೆ ಇಟ್ಟಿರುತ್ತಾರೆ. ಅಂಗಳದಲ್ಲಿ ಗುರುತಿಲ್ಲದ ಗುಂಡಿ ಬಂದು ಕೂತಿದ್ದರೆ ಕುಕ್ಕೆ ಬೋರಲು ಹಾಕಿ, ಯಾರದೆಂದು ವಿಚಾರಿಸಿ, ಹೇಳಿ ಕಳಿಸುತ್ತಾರೆ. ತೋಡಿದವರು ಒಬ್ಬರೇ ಬರಬೇಕು. ಮನೆಯವರು ಕೊಟ್ಟ ಮಜ್ಜಿಗೆ ಕುಡಿದು, ಗುಂಡಿಯ ತಳದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ಹಿಂತಿರುಗಿ ನೋಡದೆ ನಡೆದರೆ ಗುಂಡಿ ಹಿಂದೆಯೇ ಬರುತ್ತದೆ. ಬೇರೆ ಯಾರು ಕರೆದರೂ ಬರುವುದಿಲ್ಲ.

ಗುಂಡಿ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ತೋಡಿದವರ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಅನ್ನುತ್ತಾರೆ ಹಿರಿಯರು. ಅದೆಲ್ಲ ಸುಳ್ಳು, ಇಳಿಜಾರು ಇದ್ದ ಕಡೆಗೆ ಅನ್ನುತ್ತಾರೆ ಮೇಷ್ಟ್ರುಗಳು. ಆದರೆ ಸೊಸೈಟಿ ಸೆಕ್ರೆಟರಿ ತನ್ನ ಮನೆ ಗೇಟಿಗೆಂದು ತೋಡಿದ ಗುಂಡಿ ಏರು ಹತ್ತಿ ಹೋಗಿ ಟೈಲರ್ ರತ್ನಮ್ಮನ ಜಗಲಿ ಮುಂದೆ ಸಿಕ್ಕಿತು. ಆತ ತಲೆ ತಗ್ಗಿಸಿಕೊಂಡು ಅವಳ ಕೈಯ ಮಜ್ಜಿಗೆ ಕುಡಿಯುವಾಗ ಇಡೀ ಬೀದಿ ಬಾಗಿಲು ತೆರೆದುಕೊಂಡು ನಿಂತಿತ್ತು. ಅವತ್ತಿನಿಂದ ಇಳಿಜಾರಿನ ಮಾತಿಗೆ ಊರಲ್ಲಿ ಬೆಲೆ ಕಡಿಮೆ.

ನಾನು ಹಿಟ್ಟಿನ ಮಿಲ್ಲು ಇಟ್ಟವನು, ಹೆಸರು ಚಿಕ್ಕೀರಯ್ಯ. ಹುಟ್ಟಿ ಬೆಳೆದಿದ್ದು ಇಲ್ಲೇ. ನನ್ನ ಹೆಂಡತಿ ದೇವೀರಮ್ಮ ಹೊರಗಿನವಳು, ಮೇಗಳ ಸೀಮೆಯ ಕಡೆಯವಳು. ಅಲ್ಲಿ ಗುಂಡಿ ತೋಡಿಟ್ಟು ಊಟ ಮಾಡಿ, ಮಲಗಿ ಎದ್ದು, ನೆಂಟರ ಮನೆಗೂ ಹೋಗಿ ಬಂದರೂ ಗುಂಡಿ ಅಲ್ಲೇ ಬಿದ್ದಿರುತ್ತದಂತೆ. ಮದುವೆಯಾದ ಹೊಸದರಲ್ಲಿ ಅವಳು ಹೀಗೆ ಹೇಳಿದಾಗ ನಮ್ಮವ್ವ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಷ್ಟೊಂದು ಸೋಮಾರಿ ಗುಂಡಿಗಳಾ ಅವ್ವಾ?" ಅಂದಿದ್ದಳು. ಬಂದ ಸೊಸೆಗೆ ಇಲ್ಲಿ ಮೊದಲು ಕಲಿಸುವುದು ಸಾರು ಮಾಡುವುದನ್ನಲ್ಲ, ಗಂಡನ ಕೈಯ ಗುಂಡಿಯ ಗುರುತು ಹಿಡಿಯುವುದನ್ನು. ದೇವೀರಿ ಅದನ್ನು ಬೇಗ ಕಲಿತಳು. ನಮ್ಮೂರಿನ ಸೊಟ್ಟತನಕ್ಕೆ ಮಾತ್ರ ಕೊನೆಗೂ ಹೊಂದಿಕೊಳ್ಳಲಿಲ್ಲ. ಒಂದು ಗುಂಡಿ ತೋಡಿ ಒಂದು ಕಂಬ, ಇನ್ನೊಂದು ತೋಡಿ ಇನ್ನೊಂದು ಕಂಬ ಅಂತ ನಿಲ್ಲಿಸುವುದರಿಂದ, ಹುರಿ ಹಿಡಿದು ಅಳತೆ ಮಾಡಿದ ಚಪ್ಪರ ಈ ಊರಲ್ಲಿ ಒಂದೂ ಇಲ್ಲ. "ನಿಮ್ಮೂರಲ್ಲಿ ನೆಟ್ಟಗಿರೋದು ಅಂದ್ರೆ ಬಾವಿ ಹಗ್ಗ ಒಂದೇ" ಅನ್ನುತ್ತಿದ್ದಳು.

ಅನ್ನುತ್ತಿದ್ದಳು ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ನಡುವೆ ಬಹಳ ದಿನ ಅವಳು ಇಲ್ಲಿರಲಿಲ್ಲ. ಅತ್ತಿಗೆಗೆ ಆಪರೇಷನ್ ಆಯಿತೆಂದು ನೋಡಿಕೊಳ್ಳಲು ತವರಿಗೆ ಹೋದವಳು, ಅತ್ತಿಗೆ ಎದ್ದು ಓಡಾಡಿ ನೀರು ಸೇದುವಂತಾದರೂ ಬರಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಎಷ್ಟೋ ಒಳ್ಳೆಯದಿತ್ತು, ನಾಲ್ಕು ಜನ ಸೇರಿ ರಾಜಿ ಮಾಡಿಸುತ್ತಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಮಳೆ ಬಂತಾ ಅಂದರೆ ಬಂತು, ಊಟ ಆಯ್ತಾ ಅಂದರೆ ಆಯ್ತು, ಮಿಲ್ಲಿನ ಬೆಲ್ಟು ಹೇಗಿದೆ ಅಂದರೆ ಹೊಸದು ಹಾಕಿಸಿದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳು ಯಾಕೆ ಬರುತ್ತಿಲ್ಲ ಅನ್ನುವುದರ ತಲೆಬುಡ ನನಗೆ ಗೊತ್ತಾಗಲಿಲ್ಲ. ಮಿಲ್ಲಿಗೆ ಬಂದವರು ಕೇಳಿದರೆ "ಅತ್ತಿಗೆಗೆ ಇನ್ನೂ ಸುಸ್ತಂತೆ" ಅನ್ನುತ್ತಿದ್ದೆ. ಪಾಪ, ಆ ಅತ್ತಿಗೆ ಅಷ್ಟು ಹೊತ್ತಿಗೆ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು.

ಹೀಗಿರುವಾಗ ಒಂದು ದಿನ ಯಾರದೋ ರಾಗಿ ಬೀಸುತ್ತಾ ತಲೆಯೆತ್ತಿದರೆ, ಮಿಲ್ಲಿನ ಬಾಗಿಲಲ್ಲಿ ಟ್ರಂಕು ಹಿಡಿದುಕೊಂಡು ದೇವೀರಿ ನಿಂತಿದ್ದಾಳೆ. "ಮನೆ ಬೀಗದ ಕೈ ಕೊಡಿ" ಅಂದಳು. ಕೊಟ್ಟೆ. ಅಷ್ಟೇ ಮಾತು. ಸಂಜೆ ಮನೆಗೆ ಹೋದರೆ ಮುದ್ದೆ, ಬಸ್ಸಾರು ಸಿದ್ಧವಾಗಿತ್ತು. ಟ್ರಂಕು ಮಂಚದ ಕೆಳಗೆ ಬೀಗ ಹಾಕಿಕೊಂಡು ಕೂತಿತ್ತು. ದಿನವೂ ಅದರಿಂದ ಒಂದು ಸೀರೆ ತೆಗೆಯುತ್ತಿದ್ದಳು, ಒಗೆದು ಒಣಗಿಸಿ ಮತ್ತೆ ಅದರಲ್ಲೇ ಇಡುತ್ತಿದ್ದಳು. ಬೀರುವಿನಲ್ಲಿ ಅವಳ ಖಾನೆ ಖಾಲಿಯೇ ಇತ್ತು. ಇರಲು ಬಂದಳೋ ನೋಡಿ ಹೋಗಲು ಬಂದಳೋ? ಕೇಳಿದರೆ ಎಲ್ಲಿ "ನಾಡಿದ್ದು ಹೋಗ್ತೀನಿ" ಅಂದುಬಿಡುತ್ತಾಳೋ ಎಂದು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ಅವಳು ತನ್ನಷ್ಟಕ್ಕೆ, "ಇಲ್ಲೊಂದು ಚಪ್ಪರ ಇದ್ದಿದ್ರೆ ಹೀರೆ ಹಬ್ಬಿಸಬಹುದಾಗಿತ್ತು" ಅಂದಳು. ನನಗೆ ಹೋದ ಜೀವ ಬಂದಂತಾಯಿತು. ಹೀರೆ ಬೀಜ ಊರಿ, ಬಳ್ಳಿ ಹಬ್ಬಿ, ಕಾಯಿ ಬಿಡಬೇಕೆಂದರೆ ಮನುಷ್ಯರು ಇರಬೇಕಲ್ಲ! ಅವತ್ತೇ ಮಿಲ್ಲಿಗೆ ಬೀಗ ಹಾಕಿ ಸಾಮಿಲ್ಲಿಗೆ ಓಡಿ ನಾಲ್ಕು ನೀಲಗಿರಿ ಕಂಬ ತಂದೆ. ಗೆದ್ದಲು ಹಿಡಿಯದಿರಲೆಂದು ಬುಡ ಸುಟ್ಟು ಕಪ್ಪು ಮಾಡಿ ಡಾಂಬರು ಬಳಿದೆ. ಇವಳಿಗೆಂದು ಹಾಕುವ ಚಪ್ಪರ ಊರಿನ ಚಪ್ಪರಗಳಂತೆ ಸೊಟ್ಟಗಿರಬಾರದು ಎಂದು ಹಟ ಹುಟ್ಟಿತು. ಗೂಟ ಹೊಡೆದು, ಹುರಿ ಕಟ್ಟಿ, ಮೂಲೆಯಿಂದ ಮೂಲೆಗೆ ಅಳೆದು, ನಾಲ್ಕೂ ಗುಂಡಿಗಳನ್ನು ಒಟ್ಟಿಗೆ ತೋಡಿ, ಆಮೇಲೆ ಕಂಬ ನಿಲ್ಲಿಸುವುದೆಂದು ತೀರ್ಮಾನಿಸಿದೆ. ಪಕ್ಕದ ಮನೆ ಕಲ್ಯಾಣಕ್ಕ ಗೋಡೆ ಮೇಲಿಂದ ಇಣುಕಿ ನೋಡಿ, "ಚಿಕ್ಕೀರಣ್ಣ, ನಾಲ್ಕೂ ಒಟ್ಟಿಗೇನಾ? ನಿಮಗೇನು ಬುದ್ಧಿಗಿದ್ಧಿ ಕೆಟ್ಟಿದೆಯಾ?" ಅಂದಳು. "ಇಬ್ಬರಿದ್ದೀವಲ್ಲಕ್ಕ, ಕಾವಲು ಕಾಯ್ತೀವಿ" ಅಂದೆ. ಇಬ್ಬರಿದ್ದೀವಿ ಅಂತ ಬಾಯಿ ಬಿಟ್ಟು ಹೇಳುವುದೇ ಒಂದು ಸಂತೋಷವಾಗಿತ್ತು.

ಮಾರನೆಯ ಬೆಳಿಗ್ಗೆ ಮೂರು ಗುಂಡಿ ನಾನು ತೋಡಿದೆ. ಸಾಮಾನ್ಯವಾಗಿ ನನ್ನ ಗುಂಡಿಗಳ ಬಾಯಿ ನಾಯಿ ಕೆರೆದ ಹಾಗಿರುತ್ತದೆ, ಈ ಸಲ ಮಾತ್ರ ಅಂಚು ತಟ್ಟಿ ತಟ್ಟಿ ಚೊಕ್ಕ ಮಾಡಿದ್ದೆ. ನಾಲ್ಕನೆಯದಕ್ಕೆ ಹಾರೆ ಎತ್ತಿದರೆ ದೇವೀರಿ "ಕೊಡಿ ಇಲ್ಲಿ" ಅಂತ ಕಿತ್ತುಕೊಂಡಳು. ಸೆರಗು ಸಿಕ್ಕಿಸಿ, ನೆಲ ಕುಟ್ಟಿ, ತೆಂಗಿನ ಚಿಪ್ಪಿನಲ್ಲಿ ಮಣ್ಣು ಬಾಚಿ ಹೊರಗೆ ಹಾಕಿದಳು. ಇಬ್ಬರೂ ಬೆವತು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಕಂಬಗಳ ಡಾಂಬರು ಆರಿದೆಯೋ ನೋಡೋಣ, ಇವಳು ಇಲ್ಲೇ ಕೂತಿದ್ದಾಳಲ್ಲ ಎಂದು ನಾನು ಮುಂದಿನ ಅಂಗಳಕ್ಕೆ ಹೋದೆ. ಒಲೆಯ ಮೇಲೆ ಬೇಳೆ ಸೀಯುವ ವಾಸನೆ ಬಂತಂತೆ. ನನ್ನ ಚಪ್ಪಲಿ ಸದ್ದು ಕೇಳಿ, ಇವರು ಬಂದೇಬಿಟ್ಟರಲ್ಲ ಎಂದು ಅವಳು ಒಳಗೆ ಹೋದಳು. ನಾನು ಬಂದಿರಲಿಲ್ಲ. ಕಂಬ ಹೊರಳಿಸುತ್ತಾ ಅಲ್ಲೇ ನಿಂತಿದ್ದೆ.

ಬಂದು ನೋಡಿದರೆ ಒಂದು ಗುಂಡಿ ಇಲ್ಲವೇ ಇಲ್ಲ. ಉಳಿದ ಮೂರೂ ಗೂಟ ಬಿಟ್ಟು, ಒಂದು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ, ಒಂದು ಕರಿಬೇವಿನ ಬುಡಕ್ಕೆ, ಇನ್ನೊಂದು ಗೋಡೆಗೆ ಒತ್ತಿಕೊಂಡು ಕೂತಿದ್ದವು. ಹುರಿ ಮಾತ್ರ ಅಚ್ಚುಕಟ್ಟಾಗಿ ನಾಲ್ಕು ಗೂಟಗಳ ನಡುವೆ ಬಿಗಿದುಕೊಂಡಿತ್ತು. ಇವೂ ಹೊರಟುಬಿಟ್ಟರೆ ಗತಿಯೇನು ಎಂದು ಇಬ್ಬರೂ ಓಡಾಡಿ, ಇದ್ದ ಇದ್ದಲ್ಲೇ ಮೂರು ಕಂಬ ಇಳಿಸಿ, ಜಲ್ಲಿ ಸುರಿದು ಕುಟ್ಟಿದೆವು. ಆ ಗಡಿಬಿಡಿಯಲ್ಲಿ ಯಾವುದು ಯಾರ ಕೈಯ ಗುಂಡಿ ಎಂದು ನೋಡುವ ವ್ಯವಧಾನ ಯಾರಿಗಿತ್ತು?

ಕೈ ತೊಳೆಯುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮಾಯಿಗಣ್ಣ ತಾನೇ ಬಂದ. ಅಂಗಡಿ ಬಿಟ್ಟು ಬರುವವನಲ್ಲ ಅವನು.

"ಚಿಕ್ಕೀರಣ್ಣ, ನಿಮ್ಮನೇಲಿ ಏನಾದ್ರೂ ಗುಂಡಿ ತೋಡಿದ್ರಾ?"

"ಹೂಂ ಕಣೋ, ಒಂದು ಕಾಣ್ತಿಲ್ಲ. ಎಲ್ಲೈತೆ?"

"ಬಸ್ ಸ್ಟ್ಯಾಂಡಲ್ಲೈತೆ. ಕುಕ್ಕೆ ಮುಚ್ಚಿ ಬಂದೆ." ಆಮೇಲೆ ನೆಲ ನೋಡುತ್ತಾ, "ಮೇಗಳ ಸೀಮೆ ಬಸ್ಸು ನಿಂತ್ಕೊಳೋ ತಾವು. ಬಾಯಿ ಭಾಳ ಚೊಕ್ಕವಾಗೈತೆ. ಹೆಣ್ಣುಮಕ್ಕಳ ಕೈ ಇದ್ದಂಗೈತೆ" ಅಂದ.

ತವರಿಗೆ ಹೋಗುವ ಬಸ್ಸು ನಿಲ್ಲುವ ಜಾಗದಲ್ಲೇ ಅವಳ ಗುಂಡಿ ಹೋಗಿ ಕೂತಿದೆ ಅಂದರೆ ಇನ್ನು ಹೇಳಲು ಕೇಳಲು ಏನು ಉಳಿಯಿತು? ಗೋಡೆಯಾಚೆ ಕಲ್ಯಾಣಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು. ದೇವೀರಿ ಸೆರಗಿನಲ್ಲಿ ಕೈ ಒರೆಸಿಕೊಂಡು, "ನಂದಾದ್ರೆ ನಾನೇ ಹೋಗಿ ತರಬೇಕಲ್ಲ" ಅಂದಳು. ಮುಖದಲ್ಲಿ ಏನಿತ್ತೋ ನನಗೆ ಓದಲು ಬರಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ಗೋಡೆಯ ಮೊಳೆಗೆ ತಗುಲಿಸಿದ್ದ ಬಟ್ಟೆ ಚೀಲ ತೆಗೆದುಕೊಂಡು ಬಂದಳು. ಮೇಗಳ ಸೀಮೆಯ ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಗಬೇಡ, ಹಾಳಾಗಲಿ ಆ ಗುಂಡಿ, ಬೇರೆ ತೋಡೋಣ ಅನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು ಮಾತ್ರ, "ಬಿಸಿಲಿದೆ, ಕೊಡೆ ತಗೊಂಡು ಹೋಗು."

"ಇಷ್ಟು ದೂರಕ್ಕೆ ಕೊಡೆ ಯಾಕೆ?" ಅಂದು ಹೋದಳು.

ತೋಡಿದವರ ಜೊತೆ ಯಾರೂ ಹೋಗುವ ಹಾಗಿಲ್ಲ. ನಾನು ಉಳಿದ ಒಂದು ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತು, ಡಾಂಬರು ಬಳಿದಿದ್ದ ಬುಡಕ್ಕೇ ಮತ್ತೆ ಡಾಂಬರು ಬಳಿದೆ. ಕಲ್ಯಾಣಕ್ಕನ ತಲೆ ಗೋಡೆಯ ಮೇಲೆ ಎದ್ದಿತು.

"ಮಣ್ಣು ಮಡಿಲಲ್ಲಿ ತರೋದಲ್ವಾ ಚಿಕ್ಕೀರಣ್ಣ? ಚೀಲ ಯಾಕೆ ತಗೊಂಡು ಹೋದ್ಳು?"

"ನನಗೇನು ಗೊತ್ತಕ್ಕ."

"ನೀವೇನೂ ಯೋಚನೆ ಮಾಡಬೇಡಿ. ಟ್ರಂಕು ಒಳಗೇ ಇದೆ ತಾನೆ?"

ಟ್ರಂಕಿನ ಯೋಚನೆ ನನಗೆ ಬಂದೇ ಇರಲಿಲ್ಲ. ಒಳಗೆ ಓಡಿ ಮಂಚದ ಕೆಳಗಿಂದ ಎಳೆದೆ. ಇತ್ತು, ಬೀಗವೂ ಇತ್ತು. ಎತ್ತಿ ನೋಡಿದರೆ ಹಗುರ ಅನಿಸಿತು. ಮೊದಲು ಎಷ್ಟು ಭಾರವಿತ್ತೋ ಯಾರಿಗೆ ಗೊತ್ತು, ನಾನು ಯಾವತ್ತು ಎತ್ತಿದ್ದೆ? ಇನ್ನೊಮ್ಮೆ ಎತ್ತಿದರೆ ಭಾರವೇ ಅನಿಸಿತು. ಅಲ್ಲಾಡಿಸಿದೆ, ಏನೋ ಕಟಕಟ ಅಂದಿತು. ಬಟ್ಟೆ ಇದ್ದರೆ ಕಟಕಟ ಅನ್ನುತ್ತದೆಯೇ? ಬಟ್ಟೆ ತೆಗೆದು ಬಾಚಣಿಗೆ ಬಿಟ್ಟು ಹೋದಳೋ ಏನೋ. ಐವತ್ತು ದಾಟಿದ ಗಂಡಸು ಹೆಂಡತಿಯ ಟ್ರಂಕನ್ನು ಕಿವಿಗೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಆ ಹೊತ್ತಿಗೆ ಬಸ್ಸಿನ ಹಾರನ್ ಕೇಳಿಸಿತು. ನಮ್ಮೂರಿನ ಡ್ರೈವರುಗಳು ಗುಂಡಿ ಇದೆಯೋ ಎಂದು ಇಳಿದು ನೋಡಿಯೇ ಬಸ್ಸು ತಿರುಗಿಸುವುದರಿಂದ ಹೊರಡಲು ತಡವಾಗುತ್ತದೆ. ಆ ತಡವೂ ಮುಗಿಯಿತು. ಬಸ್ಸು ಗೇರು ಬದಲಿಸಿ ಏರು ಹತ್ತಿದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.

ಬಸ್ಸು ಹೋದ ಮೇಲೂ ಅವಳು ಬರಲಿಲ್ಲ. ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಒಂದು ಬೀಡಿ ಸೇದುವಷ್ಟು ಹೊತ್ತಿನ ದಾರಿ. ಎರಡು ಸೇದಿದೆ. ಅಳು ಬಂತು, ಅತ್ತುಬಿಟ್ಟೆ. ಹಾಗೆ ಬಂದು ಹೀಗೆ ಹೋಗುವುದಾದರೆ ಬಂದಿದ್ದಾದರೂ ಯಾಕೆ, ಹೀರೆಕಾಯಿಯ ಮಾತು ಎತ್ತಿದ್ದಾದರೂ ಯಾಕೆ ಎಂದು ಅವಳ ಮೇಲೆ ಸಿಟ್ಟೂ ಬಂತು. ಹಿತ್ತಲಲ್ಲಿ ಮೂರು ಕಂಬಗಳು ದಿಕ್ಕಿಗೊಂದಾಗಿ ನಿಂತಿದ್ದವು.

"ರೀ, ಎಲ್ಲಿದ್ದೀರಿ?" ಎಂಬ ಕೂಗಿಗೆ ಎದ್ದು ಬಿದ್ದು ಹೊರಗೆ ಬಂದೆ. ದೇವೀರಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಚೀಲ ಉಬ್ಬಿಕೊಂಡಿತ್ತು. ಮಡಿಲಲ್ಲಿ ಮಣ್ಣು ಇರಲಿಲ್ಲ.

"ಗುಂಡಿ ಎಲ್ಲಿ?"

"ಅಲ್ಲೇ ಇದೆ. ಅದು ನಂದಲ್ಲ."

"ನಿಂದಲ್ಲ ಅಂದ್ರೆ? ಮಾಯಿಗಣ್ಣ ಹೇಳಿದ್ನಲ್ಲ, ಬಾಯಿ ಚೊಕ್ಕವಾಗಿದೆ..."

"ಬಾಯಿ ಚೊಕ್ಕವಾಗಿದೆ, ಒಳಗೆ ಕೈ ಹಾಕಿ ನೋಡಿದ್ನಾ ಅವನು? ತಳ ಎಡಕ್ಕೆ ತಿರುಗಿದೆ. ಎಡಕ್ಕೆ ತಿರುಗಿಸಿ ತೋಡೋರು ಈ ಊರಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ? ನಿಮ್ಮವ್ವ ಹೊಸದರಲ್ಲಿ ನನ್ನ ಕೈ ಹಿಡಿದು ಗುಂಡಿಯೊಳಗೆ ಇಳಿಸಿ ಇಳಿಸಿ ಕಲಿಸಿದ್ರು, ನಾನು ಮರೀತೀನಾ?" ಚೀಲ ಕೆಳಗಿಟ್ಟು, ಕರಿಬೇವಿನ ಬುಡದ ಕಂಬಕ್ಕೆ ಅಂಗೈ ತಟ್ಟಿದಳು. "ನನ್ನ ಗುಂಡಿಗೆ ನೀವು ಆಗಲೇ ಕಂಬ ಇಳಿಸಿದ್ದೀರಿ. ನೋಡಿ, ಮೂರರಲ್ಲಿ ಇದೊಂದೇ ನೆಟ್ಟಗಿರೋದು. ಹೋಗಿ, ನಿಮ್ಮ ಗುಂಡಿ ನೀವು ತನ್ನಿ."

ಅವಳ ಗುಂಡಿ ಹಿತ್ತಲು ದಾಟಿ ಎಲ್ಲಿಗೂ ಹೋಗಿಲ್ಲ, ಸಂತೋಷಪಡಬೇಕು. ಆದರೆ ನನ್ನದು ಯಾಕೆ ಅಲ್ಲಿಗೆ ಹೋಯಿತು? ಇವಳನ್ನು ಬಸ್ಸು ಹತ್ತಿಸಬೇಕೆಂದು ನನ್ನ ಮನಸ್ಸಿನ ಯಾವ ಮೂಲೆಯಲ್ಲಾದರೂ ಇದೆಯೇ? ಇದ್ದರೆ ನನಗೇ ಗೊತ್ತಿಲ್ಲದೆ ಹೇಗೆ ಇದೆ? ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಜನ ನನ್ನನ್ನು ಕರುಣೆಯಿಂದ ನೋಡುತ್ತಿದ್ದರು, ಯಾರ ಮೇಲೆ ಕರುಣೆ ತೋರಿಸಬೇಕೆಂದು ಅವರಿಗಿನ್ನೂ ಹೊಸ ಸುದ್ದಿ ಮುಟ್ಟಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಾಯಿಗಣ್ಣ ಮಜ್ಜಿಗೆ ಇಲ್ಲವೆಂದು ಟೀ ಕೊಟ್ಟ. ಕುಕ್ಕೆ ಎತ್ತಿ ತಳಕ್ಕೆ ಕೈ ಹಾಕಿದೆ. ಎಡಕ್ಕೇ ತಿರುಗಿತ್ತು. ಮಾಯಿಗಣ್ಣ ತಲೆ ಕೆರೆದುಕೊಂಡ.

"ನಾನೊಬ್ಬ ಪೆದ್ದ ಕಣಣ್ಣೋ. ದೇವೀರತ್ತಿಗೆ ಊರಿಗೆ ಹೋದಾಗಿಂದ ದಿನಾ ಸಂಜೆ ಮಿಲ್ಲು ಮುಚ್ಚಿ, ಆ ಕಡೆ ಬಸ್ಸು ಬರೋ ಹೊತ್ತಿಗೆ ಬಂದು ಇದೇ ತಾವಲ್ಲಿ ನಿಂತ್ಕೊಂತಿದ್ದೋರು ನೀವಲ್ವಾ? ಮಳೇಲೂ ತಪ್ಪಿಸ್ತಿರಲಿಲ್ಲ. ನಾನಾದ್ರೂ ಯೋಚನೆ ಮಾಡಬಾರದಿತ್ತಾ?"

"ಟೀ ಕುಡಿಯೋಕೆ ಬರ್ತಿದ್ದೆ ಕಣೋ" ಅಂದೆ.

"ಟೀ ಕುಡಿಯೋರು ಅಂಗಡಿ ಕಡೆ ಮುಖ ಮಾಡಿ ನಿಂತ್ಕೊಂತಾರೆ" ಅಂದ ಅವನು.

ಟೀ ಕುಡಿಯಲು ಹೋಗುತ್ತಿದ್ದೇನೆ ಎಂದೇ ನಾನೂ ಅಷ್ಟು ದಿನ ನಂಬಿಕೊಂಡಿದ್ದೆ. ಬಸ್ಸಿನಿಂದ ಇಳಿಯುವ ಒಂದೊಂದು ಸೀರೆಯನ್ನೂ ನೋಡಿ, ಕೊನೆಗೆ ಕಂಡಕ್ಟರು ಬಾಗಿಲು ಎಳೆದುಕೊಂಡ ಮೇಲೆ ಮನೆಗೆ ಹೋಗುತ್ತಿದ್ದುದು ನಿಜ. ಅದು ಕಾಯುವುದು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಅವಳು ಬಂದು ಮನೆಯಲ್ಲಿ ಮುದ್ದೆ ತಿರುವುತ್ತಿದ್ದರೂ, ನನ್ನ ಮನಸ್ಸು ಇನ್ನೂ ಇಲ್ಲೇ ನಿಂತಿತ್ತೋ ಏನೋ. ಅಥವಾ ಮೇಷ್ಟ್ರುಗಳು ಹೇಳುವಂತೆ ಬರೀ ಇಳಿಜಾರೋ. ಒಂದು ಹಿಡಿ ಮಣ್ಣು ಟವೆಲ್ಲಿನಲ್ಲಿ ಕಟ್ಟಿಕೊಂಡು ಹಿಂತಿರುಗಿ ನೋಡದೆ ನಡೆದೆ.

ಹಿತ್ತಲಲ್ಲಿ ದೇವೀರಿ ಚೀಲ ಬಿಚ್ಚಿ ಬಳ್ಳಿಗೆ ಕಟ್ಟುವ ಸಣಬಿನ ಹುರಿ, ಹೀರೆ ಬೀಜದ ಪೊಟ್ಟಣ ತೆಗೆದಿಟ್ಟಿದ್ದಳು. ಮಣ್ಣು ಚೆಲ್ಲಿ, ಟವೆಲ್ಲು ಕೊಡವಿ ನೋಡುವಷ್ಟರಲ್ಲಿ ಗುಂಡಿ ಬಂದಿತ್ತು. ಕಂಬ ಇಳಿಸಿದೆವು. ನಾನು ಹಿಡಿದುಕೊಂಡೆ, ಅವಳು ಜಲ್ಲಿ ಹಾಕಿ ಹಾರೆಯ ಹಿಂಬದಿಯಿಂದ ಕುಟ್ಟತೊಡಗಿದಳು.

"ನೀನು ಬಸ್ಸು ಹತ್ತಿಬಿಟ್ಟೆ ಅಂದ್ಕೊಂಡೆ" ಅಂದೆ. "ಗುಂಡಿ ಅಲ್ಲಿಗೆ ಹೋಗಿದೆ ಅಂದ ಕೂಡಲೇ, ನಿನಗೆ ಇಲ್ಲಿರೋಕೆ ಇಷ್ಟ ಇಲ್ಲ ಅಂತ..."

ಅವಳು ಕುಟ್ಟುವುದನ್ನು ನಿಲ್ಲಿಸಿದಳು. ಹಾರೆ ನೆಲಕ್ಕೆ ಊರಿ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತ್ತು, ದನಿಯಲ್ಲಿ ಸಿಟ್ಟಿತ್ತು.

"ಅಲ್ಲಾ, ಇಡೀ ಊರೇ ಗುಂಡೀನ ಕೇಳ್ತೀರಲ್ಲ, ನನ್ನ ಕೇಳಬಾರದಿತ್ತಾ? ಅಷ್ಟು ಸಲ ಫೋನು ಮಾಡಿದ್ರಿ. ಮಳೆ ಬಂತಾ, ಬೆಳೆ ಹೇಗಿದೆ, ಹಸು ಕರು ಹಾಕ್ತಾ? ಯಾವತ್ತು ಬರ್ತೀಯ ದೇವೀರಿ ಅಂತ ಒಂದು ಸಲ, ಒಂದೇ ಒಂದು ಸಲ ಕೇಳಿದ್ರಾ? ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಕಾದು ಕಾದು, ಕೊನೆಗೆ ನಾಚಿಕೆ ಬಿಟ್ಟು ನಾನೇ ಬಂದೆ. ಬಂದ ಮೇಲಾದ್ರೂ ಕೇಳಿದ್ರಾ?"

ಗೋಡೆಯಾಚೆ ಪಾತ್ರೆಯ ಸದ್ದು ಮತ್ತೆ ನಿಂತಿತ್ತು. ನಿಲ್ಲಲಿ ಅನಿಸಿತು.

"ಇರ್ತೀಯಾ?" ಎಂದು ಕೇಳಿದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಹಾರೆ ಎತ್ತಿದಳು.

"ಇರ್ತೀನಿ. ಕಂಬ ನೆಟ್ಟಗೆ ಹಿಡ್ಕೊಳಿ, ಎಡಕ್ಕೆ ವಾಲ್ತಿದೆ."